ನೀಲಿ ಕಾಳು

“ಬಿಚ್ಚೇ ಮಡಿಲು. ಬಿಚ್ಚು ಅಂದ್ನಲ್ಲ, ಕಿವಿಗೂ ಕಾಳು ತುಂಬ್ಕೊಂಡಿದೀಯಾ ಮುದಿ ಮುಂಡೇದೆ?”

ಗೇಟಿನ ಕಾವಲುಗಾರ ಕೋಲಿನ ತುದಿಯಿಂದ ದಬ್ಬಳದಕ್ಕನ ಮಡಿಲನ್ನು ಮೀಟಿದ. ಅವಳು ಅವಸರ ಮಾಡಲಿಲ್ಲ. ಒಂದು ಕೈಯಲ್ಲಿ ಬೆನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೊಂಟದ ಗಂಟು ಸಡಿಲಿಸಿದಳು. ಎರಡು ಹಿಡಿ ಅಕ್ಕಿಕಾಳು, ಅದಕ್ಕೆ ಸರಿಸಮ ಮಣ್ಣು, ಗೋಣಿಯ ನಾರು, ಸತ್ತ ನುಸಿ ಎಲ್ಲ ಸೇರಿ ಸಿಮೆಂಟಿನ ನೆಲದ ಮೇಲೆ ಉದುರಿದವು. ಕಾವಲುಗಾರ ಅದನ್ನು ಬೂಟಿನಿಂದ ಸವರಿ ಪಕ್ಕದ ಗುಂಡಿಗೆ ತಳ್ಳಿದ. ಯಾರೂ ಹೆಕ್ಕಬಾರದೆಂದು ಗುಂಡಿಗೆ ಸುಣ್ಣ ಸುರಿದಿದ್ದರು.

“ಈಗ ಬಾಯಿ ತೆಗಿ.”

ಅವಳು ಬಾಯಿ ತೆಗೆದಳು. ಕೆಲಸ ಮಾಡುತ್ತಲೇ ಹಸಿ ಕಾಳನ್ನು ದವಡೆಗೆ ಒತ್ತಿಕೊಂಡು ಹೊರಗೆ ಸಾಗಿಸುತ್ತಾರೆ ಎಂದು ಯಾರೋ ದೂರು ಕೊಟ್ಟ ಮೇಲೆ ಇದೊಂದು ಹೊಸ ತಪಾಸಣೆ ಶುರುವಾಗಿತ್ತು. ಕಾವಲುಗಾರ ಅವಳ ಗಲ್ಲವನ್ನು ಕೋಲಿನಿಂದ ಎತ್ತಿ, ದನ ಕೊಳ್ಳುವವನಂತೆ ಒಳಗೆ ಇಣುಕಿ ನೋಡಿದ. ಇದ್ದದ್ದೇ ಆರು ಹಲ್ಲು. ಹಲ್ಲಿಲ್ಲದವಳು ಕದ್ದರೂ ಏನು ಕಿಸಿದಾಳು, ನಡಿ ಆಚೆಗೆ, ಎಂದ. ಹಿಂದೆ ಸಾಲಿನಲ್ಲಿದ್ದ ಗುಡಿಸುವ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಸರಿದರು.

ಈ ಕಾವಲುಗಾರನಿಗೆ ಹೆಂಗಸರು ಇಟ್ಟ ಹೆಸರು ಗುಡುಗು. ಬಾಯಿ ತೆಗೆದರೆ ಬೈಗುಳ, ಅದೂ ಮೂರು ಬೀದಿಗೆ ಕೇಳಿಸುವಷ್ಟು. ಮೂರು ವರ್ಷದಿಂದ ಹದವಾದ ಮಳೆಯೇ ಇಲ್ಲ, ಬಂದರೆ ಕೊಯ್ಲಿನ ಹೊತ್ತಿಗೆ ಬಂದು ಇದ್ದದ್ದನ್ನೂ ಕೊಳೆಸಿ ಹೋಗುತ್ತದೆ, ಹೋಗಲಿ ನಮಗೆ ಗುಡುಗಾದರೂ ಇದೆಯಲ್ಲ ಎಂದು ಅವರು ತಮಾಷೆ ಮಾಡುತ್ತಿದ್ದರು. ಅವನ ಮನೆ ಇವರ ಹಿಂದಿನ ಬೀದಿಯಲ್ಲೇ. ಮೂರು ಹೆಣ್ಣುಮಕ್ಕಳು. ಅವನ ಪಡಿತರ ಚೀಟಿಯ ಬಣ್ಣವೂ ಇವರ ಚೀಟಿಯ ಬಣ್ಣವೇ. ಆದರೆ ಕೈಗೆ ಕೋಲು ಬಂದವನಿಗೆ ನೆರೆಹೊರೆ ಎಲ್ಲಿ ಕಾಣುತ್ತದೆ?

ದಬ್ಬಳದಕ್ಕ ಆ ಸರ್ಕಾರಿ ಗೋದಾಮಿನಲ್ಲಿ ಹರಿದ ಮೂಟೆ ಹೊಲಿಯಲು ಕೂತು ಮೂವತ್ತು ವರ್ಷವಾಗಿತ್ತು. ಹಮಾಲಿಗಳು ಕೊಕ್ಕೆ ಹಾಕಿ ಮೂಟೆ ಎತ್ತುವಾಗ ಗೋಣಿ ತೂತಾಗುತ್ತದೆ, ಹಿಡಿಯಷ್ಟು ಕಾಳು ಚೆಲ್ಲುತ್ತದೆ. ತೂತು ಅವಳ ದಬ್ಬಳಕ್ಕೆ, ಚೆಲ್ಲಿದ್ದು ಗುಡಿಸುವವರ ಮಡಿಲಿಗೆ. ಇಲಿ ಮುಟ್ಟಿದ್ದು, ಮುಗ್ಗಿದ್ದು, ನೀರು ಕುಡಿದದ್ದು ಕೂಡ ಇವರಿಗೇ. ‘ಬಿದ್ದದ್ದು ಪೊರಕೆಗೆ, ಕೆಟ್ಟದ್ದು ಕೇರಿಗೆ’ ಎಂದು ಗೋದಾಮಿನಲ್ಲೊಂದು ಮಾತೇ ಇತ್ತು. ಕೂಲಿ ಯಾವತ್ತೂ ಹೊಟ್ಟೆ ತುಂಬುವಷ್ಟು ಇರಲಿಲ್ಲ, ಆ ಮಾತೇ ಅವರ ಹೊಟ್ಟೆ ತುಂಬಿಸುತ್ತಿತ್ತು. ಈಗ ಬೆಳೆ ಕೈಕೊಟ್ಟು, ಗೋದಾಮಿನಲ್ಲಿದ್ದ ಧಾನ್ಯಕ್ಕೆಲ್ಲ ಸರ್ಕಾರ ‘ಆಪತ್ಕಾಲದ ದಾಸ್ತಾನು’ ಎಂದು ಹೆಸರಿಟ್ಟು ಬೀಗ ಹಾಕಿಸಿತ್ತು. ಗೋಡೆಯ ಮೇಲೆ ‘ಒಂದು ಕಾಳೂ ಪೋಲಾಗಬಾರದು’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು. ಸುಣ್ಣದ ಗುಂಡಿ ಇದ್ದದ್ದು ಆ ಗೋಡೆಯ ಬುಡದಲ್ಲೇ.

*

ಕಾಳು ಕೆಡುತ್ತಿದೆಯೋ ಇಲ್ಲವೋ ಎಂಬುದನ್ನು ದಬ್ಬಳದಕ್ಕ ಕಣ್ಣಿನಿಂದ ನೋಡುತ್ತಿರಲಿಲ್ಲ. ಗೇಣುದ್ದದ ದಬ್ಬಳವನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಬಾಯಲ್ಲಿ ಇಪ್ಪತ್ತು ಎಣಿಸಿ, ಹೊರಗೆಳೆದು ಕೆನ್ನೆಗೆ ಇಟ್ಟುಕೊಳ್ಳುತ್ತಿದ್ದಳು. ದಬ್ಬಳ ತಣ್ಣಗಿದ್ದರೆ ಕಾಳು ಜೀವಂತ. ಬೆಚ್ಚಗಿದ್ದರೆ ಒಳಗೆ ಬೇಯುತ್ತಿದೆ ಎಂದು ಅರ್ಥ, ಹದಿನೈದು ದಿನದಲ್ಲಿ ಮುದ್ದೆಕಟ್ಟಿ ನಾರುತ್ತದೆ. ಗಂಡನ ತಾಯಿ ಕಲಿಸಿದ ವಿದ್ಯೆ ಅದು. ದಬ್ಬಳವೂ ಆಕೆಯದೇ.

ಒಂಬತ್ತನೇ ಅಟ್ಟಿಯಲ್ಲಿ ದಬ್ಬಳ ಬಿಸಿಯಾಗಿ ಬಂದದ್ದು ತಿಂಗಳ ಹಿಂದೆ. ಅಕಾಲದ ಮಳೆಗೆ ಸೂರಿನ ತಗಡು ಸೋರಿ, ನೀರು ಗೋಡೆಯುದ್ದಕ್ಕೂ ಇಳಿದು ಅಟ್ಟಿಯ ಬುಡಕ್ಕೆ ನಿಂತಿತ್ತು. ನಾಲ್ಕು ಸಾವಿರ ಮೂಟೆಯ ಅಟ್ಟಿ. ಕೆಳಗಿನ ಎರಡು ಸಾಲು ಮಾತ್ರ ಬಿಸಿ, ಮೇಲಿನದೆಲ್ಲ ತಣ್ಣಗಿತ್ತು. ಅವಳು ದಬ್ಬಳವನ್ನು ಹಿಡಿದುಕೊಂಡೇ ಗೋದಾಮಿನ ಸಾಹೇಬನ ಕೋಣೆಗೆ ಹೋದಳು. ಅಟ್ಟಿ ಬಿಚ್ಚಿಸಿ, ಕೆಳಗಿನದನ್ನು ತೆಗೆದು ಮೇಲಿನದನ್ನು ಪಡಿತರದ ಅಂಗಡಿಗಳಿಗೆ ಕಳಿಸಿಬಿಡಿ ಎಂದಳು. ಈಗಲೇ ಹಂಚಿದರೆ ಜನ ತಿನ್ನುತ್ತಾರೆ, ಇಲ್ಲದಿದ್ದರೆ ಹುಳ ತಿನ್ನುತ್ತದೆ, ಅಷ್ಟೇ ಸಾಹೇಬ್ರೆ, ಎಂದಳು.

ಸಾಹೇಬ ಮೊದಲು ನಕ್ಕ. ಆಮೇಲೆ ಅವನ ನಗು ಮೆಲ್ಲಗೆ ಕರಗಿತು.

“ಯಾವ ಕಾಲೇಜಲ್ಲಿ ಓದಿದ್ದಮ್ಮ ನೀನು? ಕೆನ್ನೆ ಕಾಲೇಜಾ? ಕಾಳಿನ ತೇವ ಅಳೆಯೋಕೆ ಲಕ್ಷ ಕೊಟ್ಟು ತಂದಿರೋ ಮೆಷಿನ್ನು ಸುಮ್ಮನಿದೆ, ಇವಳ ಸೂಜಿ ಕಿರುಚ್ಕೊಂಡು ಬಂದಿದೆ. ಮೇಲಿಂದ ಆರ್ಡರ್ ಬರದೆ ಒಂದು ಮೂಟೆ ಅಲ್ಲಾಡಿಸಿದ್ರೆ ನನ್ನ ಕೆಲಸ ಹೋಗುತ್ತೆ, ಗೊತ್ತಾ? ನಾಲಿಗೆಗೆ ಎಲುಬಿಲ್ಲ ಅಂತ ಎಲ್ಲಾ ಕಡೆ ಒದರ್ಕೊಂಡು ಓಡಾಡ್ಬೇಡ. ಹೋಗು, ಹೊಲಿ.”

ಮೆಷಿನ್ನು ಎರಡು ವರ್ಷದಿಂದ ಕೆಟ್ಟು ಕಪಾಟಿನ ಮೇಲೆ ಕೂತಿತ್ತು. ಅದರ ಮೇಲೆ ಸಾಹೇಬ ತನ್ನ ಊಟದ ಡಬ್ಬಿ ಇಡುತ್ತಿದ್ದ. ದಬ್ಬಳದಕ್ಕ ಡಬ್ಬಿಯನ್ನು ನೋಡಿದಳು, ಹೋಗಿ ಹೊಲಿಯತೊಡಗಿದಳು. ವಾದ ಮಾಡುವ ವಯಸ್ಸು ದಾಟಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಬರೀ ನೀರಿತ್ತು.

*

ಮನೆಯೆಂದರೆ ಒಂದು ಕೋಣೆ, ಒಂದು ಒಲೆ, ಹೊಸ್ತಿಲು. ಒಳಗೆ ಎಂಟು ತಿಂಗಳ ಬಸುರಿ ಸೊಸೆ. ಮಗ ರಸ್ತೆ ಕೆಲಸಕ್ಕೆಂದು ಹೋಗಿ ಐದು ತಿಂಗಳಾಗಿತ್ತು, ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು, ಅಷ್ಟೇ. ಸೊಸೆಯ ಹೊಟ್ಟೆಯೊಂದು ಮುಂದೆ ಬಂದಿತ್ತು, ಉಳಿದ ಮೈಯೆಲ್ಲ ಹಿಂದಕ್ಕೆ ಸರಿದಿತ್ತು. ತೂಕ ನೋಡಲು ಬಂದ ನರ್ಸು, ಹೀಗಾದರೆ ಹೆರಿಗೆಯಲ್ಲಿ ಇಬ್ಬರಲ್ಲಿ ಒಬ್ಬರು ಉಳಿಯುವುದು ಕಷ್ಟ, ಎರಡು ಹೊತ್ತಾದರೂ ತುಂಬ ತಿನ್ನಿಸಿ ಎಂದು ಹೇಳಿ ಹೋಗಿದ್ದಳು. ಏನನ್ನು ತಿನ್ನಿಸಬೇಕೆಂದು ಅವಳು ಹೇಳಲಿಲ್ಲ.

ಪಡಿತರದ ಅಂಗಡಿಯಲ್ಲಿ ಆ ತಿಂಗಳಿಂದ ಅರ್ಧ ಮಾತ್ರ. ದಾಸ್ತಾನು ಉಳಿಸಬೇಕು, ಮುಂದೆ ಇದಕ್ಕಿಂತ ಕೆಟ್ಟ ಕಾಲ ಬರುತ್ತದಂತೆ ಎಂದು ಅಂಗಡಿಯವನು ಓದಿ ಹೇಳಿದ. ಸಾಲಿನಲ್ಲಿದ್ದ ಮುದುಕನೊಬ್ಬ, ನಾವು ಸತ್ತ ಮೇಲೆ ಬರುವ ಕಾಲಕ್ಕೆ ಈಗಲೇ ಅಡುಗೆ ಮಾಡಿಟ್ಟಿದ್ದಾರೆ ಬಿಡಿ ಎಂದ. ಯಾರಿಗೂ ನಗು ಬರಲಿಲ್ಲ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಆ ಅರ್ಧವೂ ಮುಗಿದು, ಅಂಗಡಿಯವನು ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುಹಾಕಿದ. ಸ್ಟಾಕ್ ಎಲ್ಲಿದೆ ಎಂಬುದು ಸಾಲಿನಲ್ಲಿದ್ದವರಲ್ಲಿ ದಬ್ಬಳದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದರ ತೂತುಗಳನ್ನು ದಿನವೂ ಹೊಲಿಯುವವಳು ಅವಳೇ ಅಲ್ಲವೇ?

ಆ ರಾತ್ರಿ ಗಂಜಿ ಸೊಸೆಗೊಂದು ಲೋಟ ಆಯಿತು. ಅತ್ತೆ, ನೀವು? ಎಂದು ಅವಳು ಕೇಳಿದ್ದಕ್ಕೆ, ಗೋದಾಮಲ್ಲೇ ತಿಂದ್ಕೊಂಡು ಬಂದೆ ಎಂದಳು ದಬ್ಬಳದಕ್ಕ. ಬಾಯಿ ತೆರೆಸಿ ನೋಡಿ ಕಳಿಸುವ ಗೋದಾಮಿನಲ್ಲಿ ಏನು ತಿಂದಾರು ಎಂದು ಸೊಸೆಗೂ ತಿಳಿದಿತ್ತು. ಅವಳು ತಲೆ ತಗ್ಗಿಸಿಕೊಂಡು ಕುಡಿದಳು.

*

ಮರುದಿನ ಸಾಹೇಬ ತಾನಾಗಿ ಹೇಳಿಕಳಿಸಿದ. ಕೋಣೆಯಲ್ಲಿ ಕುರ್ಚಿ ತೋರಿಸಿ ಕೂತ್ಕೊ ಎಂದ. ಮೂವತ್ತು ವರ್ಷದಲ್ಲಿ ಆ ಕೋಣೆಯ ಕುರ್ಚಿಯ ಮೇಲೆ ಕೂರದವಳು ಈಗ ತುದಿಯಲ್ಲಿ ಕೂತಳು, ಗೋಣಿಯ ಧೂಳು ಹತ್ತೀತು ಎಂದು. ಚಹಾ ಬಂತು. ಸಕ್ಕರೆ ಹಾಕಿದ ಚಹಾ.

“ನಿನ್ನ ಸೂಜಿ ಹೇಳಿದ್ದು ನಿಜ ಕಣಮ್ಮ. ಒಂಬತ್ತನೇ ಅಟ್ಟಿ ಕೆಟ್ಟಿದೆ. ಮೇಲಿಂದ ಆರ್ಡರ್ ಬಂದಿದೆ. ಇದರಲ್ಲಿ ನಿಂದೊಂದು ಹೆಬ್ಬೆಟ್ಟು ಬೇಕು, ಅನುಭವಸ್ಥಳು ಅಂತ.”

ಅವನು ಕಾಗದ ಓದಿದ. ಒಂಬತ್ತನೇ ಅಟ್ಟಿಯ ನಾಲ್ಕು ಸಾವಿರ ಮೂಟೆಗಳನ್ನೂ ಪರೀಕ್ಷಿಸಲಾಗಿದ್ದು, ಅದೆಲ್ಲವೂ ಮನುಷ್ಯರು ತಿನ್ನಲು ಯೋಗ್ಯವಾಗಿಲ್ಲ ಎಂದು ಬರೆದಿತ್ತು.

ಎಲ್ಲವೂ ಅಲ್ಲವಲ್ಲ ಸಾಹೇಬ್ರೆ, ಕೆಳಗಿನ ಎರಡು ಸಾಲು ಮಾತ್ರ, ಎಂದಳು. ಮೇಲಿನದು ಇನ್ನೂ ತಣ್ಣಗಿದೆ, ನಿನ್ನೆಯೂ ಚುಚ್ಚಿ ನೋಡಿದೆ. ಅದೆಲ್ಲ ಲೆಕ್ಕ ಹಿಡಿಯುತ್ತ ಕೂತರೆ ಆಗದು, ಪೂರ್ತಿ ಅಟ್ಟಿ ಒಂದೇ ಕಾಗದ, ಎಂದ ಸಾಹೇಬ. ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮನಸ್ಸಲ್ಲೇ ಲೆಕ್ಕ ಹಾಕಿದಳು. ಮನುಷ್ಯರು ತಿನ್ನಲಾರದ್ದು ಎಂದು ಬರೆದ ಕಾಳನ್ನೇ ಅವಳು ಮೂವತ್ತು ವರ್ಷ ತಿಂದಿದ್ದಳು. ಮಗನನ್ನು ಸಾಕಿದ್ದೂ ಅದರಿಂದಲೇ. ಕೆಟ್ಟದ್ದು ಎಂದು ಕಾಗದದಲ್ಲಿ ಬಿದ್ದರೆ ಅದು ಸರ್ಕಾರದ ಕೈ ಬಿಟ್ಟಿತು, ಕೇರಿಗೆ ಬಂತು. ನಾಲ್ಕು ಸಾವಿರ ಮೂಟೆ. ಅದರಲ್ಲಿ ಮೂರು ಸಾವಿರದ ಮೇಲೆ ಹೊಸ ಕಾಳಿನಂಥ ಕಾಳು. ಸೊಸೆಯ ಹೆರಿಗೆ, ಬಾಣಂತನ, ಕೂಸು ಅಂಬೆಗಾಲಿಡುವವರೆಗೆ ಸಾಕು. ಈ ಮುಠ್ಠಾಳ ತಾನಾಗಿ ಬೀಗದ ಕೈ ಕೊಡುತ್ತಿದ್ದಾನೆ, ಹೆಚ್ಚು ಮಾತಾಡಿ ಕೆಡಿಸಿಕೊಳ್ಳಬಾರದು ಎನಿಸಿತು.

“ಬರ್ಕೊಂಡ್ಮೇಲೆ ಎತ್ತಿ ಹೊರಗೆ ಹಾಕ್ತೀರಾ ಸಾಹೇಬ್ರೆ?”

“ಹಾಕ್ತೀವಿ. ನಾಳೆ ಬೆಳಿಗ್ಗೆನೇ ಅಂಗಳಕ್ಕೆ.”

ಅಷ್ಟೇ ಅವಳು ಕೇಳಿದ್ದು. ಆಮೇಲೆ ಯಾರಿಗೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೆಬ್ಬೆರಳನ್ನು ಶಾಯಿಗೆ ಅದ್ದಿ, ಅವನು ತೋರಿಸಿದ ಕಡೆಗೆಲ್ಲ ಒತ್ತಿದಳು. ಐದು ಕಡೆ.

ಆ ಸಂಜೆ ಕೇರಿಯಲ್ಲಿ ಅವಳು ಮನೆಮನೆಗೂ ಹೋಗಿ ಹೇಳಿದಳು. ಮೊರ, ಜರಡಿ, ಚೀಲ ಏನಿದ್ದರೂ ತೊಳೆದಿಡಿ, ನಾಳೆ ಒಂಬತ್ತನೇ ಅಟ್ಟಿ ಕೇರಿಗೆ ಬರುತ್ತದೆ. ಕೆಲವರು ನಂಬಲಿಲ್ಲ. ದಬ್ಬಳದಕ್ಕ ಹೆಬ್ಬೆರಳ ಶಾಯಿ ತೋರಿಸಿದಳು. ಆಗ ನಂಬಿದರು. ಎಷ್ಟೋ ದಿನದ ಮೇಲೆ ಕೇರಿಯಲ್ಲಿ ಹೆಂಗಸರು ಜೋರಾಗಿ ನಕ್ಕರು. ಸೊಸೆ ಮೂಲೆಯಲ್ಲಿದ್ದ ದೊಡ್ಡ ಪಾತ್ರೆಯನ್ನು ತೆಗೆದು ಬೂದಿ ಹಾಕಿ ಉಜ್ಜಿದಳು.

*

ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ಮೂಟೆಗಳ ಜೊತೆ ಹನ್ನೆರಡು ಡ್ರಮ್ಮುಗಳಿದ್ದವು. ಮುಚ್ಚಳ ತೆಗೆದಾಗ ಒಳಗೆ ಗಾಢ ನೀಲಿ ನೀರು.

ದಬ್ಬಳದಕ್ಕನಿಗೆ ಅರ್ಥವಾಗಲಿಲ್ಲ. ಹಮಾಲಿಗಳ ಮೇಸ್ತ್ರಿಯ ಹತ್ತಿರ ಹೋಗಿ, ಏನೋ ತಮ್ಮಾ ಇದು, ಗೋಡೆಗೆ ಬಣ್ಣ ಹೊಡೀತಾರಾ ಎಂದು ಕೇಳಿದಳು. ಮೇಸ್ತ್ರಿ ಅವಳ ಮುಖ ನೋಡಲಿಲ್ಲ.

“ಕಾಳಿಗೆ ಅಕ್ಕಾ. ಹೊರಗಿಂದ ಬರೋ ಎಣ್ಣೆ ದುಬಾರಿ ಆಯ್ತಲ್ಲ, ಅದಕ್ಕೆ ಧಾನ್ಯ ಕೊಳೆಸಿ ಗಾಡಿಗೆ ಹಾಕೋ ಎಣ್ಣೆ ಮಾಡೋ ಕಾರ್ಖಾನೆ ಹಾಕಿದಾರೆ. ಒಂದೊಂದು ಗೋದಾಮಿಂದ ಇಷ್ಟಿಷ್ಟು ಮೂಟೆ ಕೊಡ್ಲೇಬೇಕಂತೆ. ತಿನ್ನೋ ಕಾಳು ಕೊಟ್ರೆ ಪೇಪರ್‌ನೋರು ಬಾಯಿಗೆ ಬಂದಂಗೆ ಬರೀತಾರೆ. ಕೆಟ್ಟಿದ್ದು ಅಂತ ಬರ್ಕೊಂಡು ಕೊಡ್ತಾರೆ. ನೀಲಿ ಹಾಕೋದು ದಾರೀಲಿ ಯಾರೂ ಕದ್ದು ತಿನ್ಬಾರ್ದು ಅಂತ.”

ಅವಳು ನಿಂತಲ್ಲೇ ನಿಂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಹೆಬ್ಬೆಟ್ಟೊತ್ತಿ ಕೊಟ್ಟವಳು ಅವಳೇ. ಗೇಟಿನ ಕಂಬಿಗಳ ಆಚೆ ಕೇರಿಯ ಹೆಂಗಸರು ಮೊರ ಜರಡಿ ಹಿಡಿದು ನಿಂತಿದ್ದರು. ಅವರಿಗೆ ಇನ್ನೂ ಗೊತ್ತಿರಲಿಲ್ಲ. ಒಬ್ಬಳು ಅವಳಿಗೆ ಕೈ ಬೀಸಿದಳು.

ನೀಲಿ ಹಾಕುವುದನ್ನು ಕಣ್ಣಾರೆ ನೋಡಲು ಮೇಲಿನಿಂದ ದೊಡ್ಡ ಸಾಹೇಬ ಬಂದಿದ್ದ. ಮೂಗಿಗೆ ಕರವಸ್ತ್ರ. ನಾಲ್ಕು ಸಾವಿರ ಮೂಟೆ ಕೊಳೆತು ನಾರುತ್ತಿದೆಯೆಂದು ಕಾಗದದಲ್ಲಿ ಇದ್ದದ್ದರಿಂದ ಅವನು ಕರವಸ್ತ್ರವನ್ನು ಮನೆಯಿಂದಲೇ ಹಿಡಿದುಕೊಂಡು ಬಂದಿರಬೇಕು. ಅಂಗಳದಲ್ಲಿ ಹೊಸ ಕಾಳಿನ ಘಮವಿತ್ತು. ದಬ್ಬಳದಕ್ಕ ಮೇಲಿನ ಸಾಲಿನ ಒಂದು ಮೂಟೆಗೆ ದಬ್ಬಳ ಚುಚ್ಚಿ, ಇಪ್ಪತ್ತು ಎಣಿಸಿ, ಹೊರಗೆಳೆದು ಅವನ ಬಳಿ ಹೋದಳು.

“ಸಾಮೀ, ಇದನ್ನ ಕೆನ್ನೆಗಿಟ್ಟು ನೋಡಿ. ತಣ್ಣಗಿದೆ. ಈ ಕಾಳು ಚೆನ್ನಾಗಿದೆ ಸಾಮೀ. ತಪ್ಪಾಯ್ತು, ನಾನು ಗೊತ್ತಿಲ್ದೆ ಒತ್ತಿದೆ.”

ದೊಡ್ಡ ಸಾಹೇಬ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಅವನು ಕಂಡದ್ದು ಅವಳ ಕೈಯಲ್ಲಿದ್ದ ಗೇಣುದ್ದದ ಉಕ್ಕನ್ನು ಮಾತ್ರ. ಹೆಂಗಸಿನ ಕೈಯಿಂದ ಅದನ್ನು ಕಿತ್ತುಕೊಳ್ಳಿ ಎಂದ. ಗುಡುಗು ಓಡಿ ಬಂದು ಅವಳ ಮುಂಗೈ ತಿರುವಿ ದಬ್ಬಳ ಕಿತ್ತುಕೊಂಡ. ಗೋದಾಮಿನ ಸಾಹೇಬ ಕಾಗದ ಬಿಡಿಸಿ, ಅದರಲ್ಲಿದ್ದ ಐದು ಹೆಬ್ಬೆಟ್ಟುಗಳನ್ನು ಬೆರಳಿಟ್ಟು ತೋರಿಸಿದ.

“ನಿನ್ನೆ ಚಹಾ ಕುಡೀವಾಗ ಕೆಟ್ಟಿತ್ತು, ಇವತ್ತು ಚೆನ್ನಾಗಾಯ್ತಾ? ಲೌಡಿ, ಯಾರ ಮುಂದೆ ನಾಟಕ ಆಡ್ತಿದೀಯ? ಪಾಲು ಸಿಗಲಿಲ್ಲ ಅಂತ ಅಲ್ವಾ ಇದೆಲ್ಲಾ? ಕೆಲಸ ಬೇಕಿದ್ರೆ ಸುಮ್ನೆ ಹೋಗಿ ಮೂಟೆ ಬಿಚ್ಚು.”

ಮೂಟೆ ಬಿಚ್ಚುವುದು ಅವಳದೇ ಕೆಲಸ. ಸರಪಣಿ ಹೊಲಿಗೆಯ ಹುರಿಯ ತುದಿ ಎಲ್ಲಿದೆ ಎಂದು ಗೊತ್ತಿದ್ದವರು ಒಂದೇ ಎಳೆತಕ್ಕೆ ಬಾಯಿ ಬಿಚ್ಚಬಲ್ಲರು, ಗೊತ್ತಿಲ್ಲದವರು ಚಾಕು ಹುಡುಕುತ್ತಾರೆ. ಅವಳು ಹೋಗಿ ಬಿಚ್ಚಿದಳು. ಒಂದು ಎಳೆದರೆ ಒಂದು ಮೂಟೆ. ಹಮಾಲಿಯೊಬ್ಬ ಬಕೆಟ್ಟಿನಿಂದ ನೀಲಿ ಸುರಿಯುತ್ತಿದ್ದ, ಇನ್ನೊಬ್ಬ ಸಲಿಕೆಯಿಂದ ಕಲಸುತ್ತಿದ್ದ. ಮೊದಲ ಮೂಟೆಗೆ ನೀಲಿ ಬಿದ್ದಾಗ ಗೇಟಿನ ಆಚೆ ಒಂದು ಸದ್ದಾಯಿತು. ಅಳುವಿನ ಸದ್ದಲ್ಲ, ಯಾರದೋ ಕೈಯಿಂದ ಮೊರ ಬಿದ್ದದ್ದು. ಅವಳು ಆ ಕಡೆ ತಿರುಗಲಿಲ್ಲ. ನಾಚಿಕೆಯಾಗಿತ್ತು. ನೂರು, ಇನ್ನೂರು, ಐನೂರು. ಬೆರಳ ಸಂದಿಯಲ್ಲಿ ಹುರಿ ಕೊಯ್ದು ರಕ್ತ ಬಂತು, ಅದೂ ಸ್ವಲ್ಪ ಹೊತ್ತಿನಲ್ಲಿ ನೀಲಿಯಾಯಿತು.

*

ನಡುಮಧ್ಯಾಹ್ನಕ್ಕೆ ಡ್ರಮ್ಮುಗಳು ಖಾಲಿಯಾದವು. ಅರ್ಧ ಅಟ್ಟಿ ಮುಗಿದಿತ್ತು. ಉಳಿದದ್ದಕ್ಕೆ ನಾಳೆ ಬಣ್ಣ, ಅದಾದ ಮೇಲೆ ಲಾರಿಗೆ ತುಂಬುವುದು ಎಂದು ಹೇಳಿ ಸಾಹೇಬರಿಬ್ಬರೂ ಊಟಕ್ಕೆ ಹೋದರು. ಕೆಲಸದವರನ್ನು ಮನೆಗೆ ಬಿಟ್ಟರು. ಅಂಗಳದಲ್ಲಿ ನೀಲಿ ಕಾಳು ಬಿಸಿಲಿಗೆ ಆರುತ್ತ ಬಿದ್ದಿತ್ತು.

ದಬ್ಬಳದಕ್ಕ ಗೇಟಿನ ಕಡೆ ಹೊರಟವಳು ನಡುವೆ ನಿಂತಳು. ಕೂತಳು. ಎರಡೂ ಕೈಯಲ್ಲಿ ನೀಲಿ ಕಾಳನ್ನು ಮಡಿಲಿಗೆ ತುಂಬಿಕೊಂಡಳು. ಅದನ್ನು ಮುಚ್ಚಿಡಲೂ ಇಲ್ಲ. ಗುಡಿಸುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಅವರೂ ಕೂತರು. ಹಮಾಲಿಗಳೂ ತಲೆಯ ವಸ್ತ್ರ ಬಿಚ್ಚಿ ಹಾಸಿದರು.

ಗೇಟಿನಲ್ಲಿ ಗುಡುಗು ಕೋಲು ಅಡ್ಡ ಹಿಡಿದ.

“ಏಯ್, ತಲೆ ಕೆಟ್ಟಿದೆಯಾ? ಸುರಿ ಕೆಳಗೆ.”

ಕಳ್ಳತನವಾದರೆ ಬರೆದುಕೋ ಎಂದಳು ದಬ್ಬಳದಕ್ಕ. ಧ್ವನಿಯಲ್ಲಿ ಜಗಳವಿರಲಿಲ್ಲ, ಸುಸ್ತಿತ್ತು. ಮನುಷ್ಯರು ತಿನ್ನಲು ಆಗದ್ದು ಅಂತ ನಿಮ್ಮ ಕಾಗದದಲ್ಲೇ ಇದೆ, ನನ್ನದೇ ಹೆಬ್ಬೆಟ್ಟಿದೆ. ಬಿದ್ದದ್ದು ಪೊರಕೆಗೆ, ಕೆಟ್ಟದ್ದು ಕೇರಿಗೆ. ನಿನ್ನ ಅಪ್ಪ ಇದೇ ಗೇಟಲ್ಲಿ ನಿಂತಿದ್ದಾಗಲೂ ಹೀಗೇ ಇತ್ತು.

“ವಿಷ ಕಣೇ ಅದು. ಸಾಯ್ತೀಯ.”

“ವಿಷಾನೋ ಬಣ್ಣಾನೋ?”

ಗುಡುಗಿಗೆ ಗೊತ್ತಿರಲಿಲ್ಲ. ಅವನು ತಿರುಗಿ ಡ್ರಮ್ಮುಗಳ ಕಡೆ ನೋಡಿದ, ಅಂಗಳದ ಕಡೆ ನೋಡಿದ, ಸಾಹೇಬರು ಹೋದ ದಾರಿಯ ಕಡೆ ನೋಡಿದ. ಬಿಸಿಲಿಗೆ ಅವನ ಮುಖ ಬೆವೆತಿತ್ತು. ಸಾಯುವುದಾದರೆ ನಿಮ್ಮ ಕೇರಿಯಲ್ಲಿ ಸಾಯಿರಿ, ಇಲ್ಲಿ ಬಿದ್ದು ನನ್ನ ತಲೆಗೆ ತರಬೇಡಿ ಎಂದು ಕೋಲು ತೆಗೆದ. ಬೊಗಳುವ ನಾಯಿ ಎಂದು ಅವನನ್ನು ಬೈಯುತ್ತಿದ್ದ ಹೆಂಗಸರು ಆ ದಿನ ಮೊದಲ ಸಲ ಅವನನ್ನು ಬೈಯದೆ ಗೇಟು ದಾಟಿದರು.

*

ಸೊಸೆ ಏಳು ನೀರಿನಲ್ಲಿ ತೊಳೆದಳು. ಏಳನೆಯದೂ ನೀಲಿಯೇ. ಕೇರಿಯಲ್ಲಿ ಕುಡಿಯಲು ನೀರಿಲ್ಲದಾಗ ಕಾಳಿಗೆ ಎಂಟನೆಯ ನೀರು ಎಲ್ಲಿಂದ ತರುವುದು? ಹಾಗೆಯೇ ಒಲೆಯ ಮೇಲಿಟ್ಟಳು. ಬೆಂದ ಮೇಲೆ ಅದು ನೋಡಲು ಗಾಯದ ಹಾಗಿತ್ತು. ಆದರೆ ವಾಸನೆ ಮಾತ್ರ ಅನ್ನದ್ದೇ. ಸೊಸೆ ಪಾತ್ರೆಯ ಮುಂದೆ ಕೂತು, ಉಸಿರು ಎಳೆದುಕೊಳ್ಳುತ್ತ ಕಣ್ಣು ಮುಚ್ಚಿದಳು. ಅವಳ ಕೈ ತಾನಾಗಿ ಮುಂದೆ ಹೋಯಿತು. ದಬ್ಬಳದಕ್ಕ ಆ ಕೈಯನ್ನು ಹಿಡಿದಳು.

“ತಡಿ ಮಗಳೇ. ಮೊದಲು ನಾನು. ದೀಪ ಹಚ್ಚೋ ಹೊತ್ತಿನವರೆಗೆ ನಾನಿದ್ರೆ ಆಮೇಲೆ ನೀನು.”

ಸೊಸೆ ಅತ್ತಳು. ಬೇಡ ಅತ್ತೆ ಎಂದಳು. ಏನೂ ಆಗೋದಿಲ್ಲ ಬಿಡು, ಸತ್ತರೂ ಹೊಟ್ಟೆ ತುಂಬಿ ಸತ್ತೆ ಅಂತ ಹೆಸರಾದರೂ ಬರುತ್ತೆ ಎಂದು ದಬ್ಬಳದಕ್ಕ ತಟ್ಟೆ ಎಳೆದುಕೊಂಡಳು. ಕೇರಿಯವರಿಗೆಲ್ಲ ಹೇಳಿಕಳಿಸಿದಳು, ಯಾರೂ ಒಂದು ಅಗುಳೂ ಮುಟ್ಟಬಾರದು, ನನ್ನನ್ನು ನೋಡಿಕೊಂಡು ತಿನ್ನಿ ಎಂದು. ಮೂಟೆಯ ಹೊಟ್ಟೆಗೆ ಚುಚ್ಚಲು ಈಗ ದಬ್ಬಳ ಇರಲಿಲ್ಲ, ತನ್ನ ಹೊಟ್ಟೆಯಲ್ಲೇ ನೋಡಬೇಕಿತ್ತು.

ತಿಂದು ಹೊಸ್ತಿಲ ಮೇಲೆ ಕೂತಳು. ಸಾವಿಗಿಂತ ಅವಳನ್ನು ಹೆದರಿಸಿದ್ದು, ತುಂಬಿದ ಹೊಟ್ಟೆಗೆ ಬಂದ ನಿದ್ದೆ. ಮಲಗಿದರೆ ಸತ್ತಳೆಂದು ತಿಳಿದಾರು ಎಂದು ಕಣ್ಣು ಬಿಟ್ಟುಕೊಂಡೇ ಕೂತಳು. ಎದುರು ಮನೆಗಳ ಹೊಸ್ತಿಲ ಮೇಲೂ ಹೆಂಗಸರು ಕೂತಿದ್ದರು. ಒಳಗೆ ಪಾತ್ರೆಗಳು ಮುಚ್ಚಿದ್ದವು. ಮಕ್ಕಳು ಅವಳನ್ನೇ ನೋಡುತ್ತಿದ್ದವು. ಯಾವಾಗ ತಿನ್ನೋದು ಎಂದು ಯಾವುದೋ ಮಗು ಕೇಳಿತು, ಅಜ್ಜಿ ಇದ್ರೆ ಸಂಜೆಗೆ ಎಂದು ಅದರ ತಾಯಿ ಹೇಳಿದಳು. ಹೊಟ್ಟೆ ಒಮ್ಮೆ ತೊಳಸಿತು. ವಾಂತಿ ಬಂದರೆ ಇಡೀ ಕೇರಿ ಉಪವಾಸ ಎಂದು ಅವಳು ಗಂಟಲನ್ನು ಬಿಗಿಹಿಡಿದು ನುಂಗಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಗುಡುಗು ಆ ದಾರಿಯಲ್ಲಿ ಬಂದ. ಕೈಯಲ್ಲಿ ಕೋಲಿರಲಿಲ್ಲ.

“ಇನ್ನೂ ಸತ್ತಿಲ್ವಾ ಮುದುಕಿ?”

“ಇಲ್ಲಪ್ಪ. ನೋಡ್ತಿದೀನಿ.”

ಅವನು ಹೋದ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಬಂದ. ಈ ಸಲ ಬೈಯಲಿಲ್ಲ. ಅವಳ ಕಣ್ಣು ರೆಪ್ಪೆ ಬಡಿಯುವುದನ್ನು ನೋಡಿದ, ಅವಳು ಎದ್ದು ನಿಂತು ಮೈ ಮುರಿಯುವುದನ್ನು ನೋಡಿದ. ಕೇರಿಯಲ್ಲಿ ಪಾತ್ರೆಯ ಮುಚ್ಚಳಗಳು ಒಂದೊಂದಾಗಿ ತೆರೆಯುವ ಸದ್ದು ಕೇಳಿಸಿತು. ಅವನ ಕಂಕುಳಲ್ಲಿ ಒಂದು ಮಡಿಸಿದ ಚೀಲವಿತ್ತು. ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತವನು ಜೇಬಿನಿಂದ ದಬ್ಬಳ ತೆಗೆದು ಹೊಸ್ತಿಲ ಮೇಲಿಟ್ಟ. ಅವಳು ಒಳಗೆ ಹೋಗಿ ಉಳಿದ ನೀಲಿ ಕಾಳಿನಲ್ಲಿ ಅರ್ಧ ತಂದು ಅವನ ಚೀಲಕ್ಕೆ ಸುರಿದಳು.

ಸೊಸೆ ಆ ಸಂಜೆ ಎರಡು ತಟ್ಟೆ ತಿಂದಳು. ತಿಂದು ಹೊಟ್ಟೆಯ ಮೇಲೆ ಕೈಯಿಟ್ಟು, ಅತ್ತೆ, ಒದೀತಿದೆ ಎಂದಳು.

*

ಮರುದಿನ ಬೆಳಿಗ್ಗೆ ಎಷ್ಟು ಉಜ್ಜಿದರೂ ನಾಲಿಗೆಯ ನೀಲಿ ಹೋಗಲಿಲ್ಲ.

ಗೇಟಿನಲ್ಲಿ ಇಬ್ಬರು ಸಾಹೇಬರೂ ನಿಂತಿದ್ದರು. ನೀಲಿ ಕಾಳಿನ ರಾಶಿಯಲ್ಲಿ ಕೈಯಿಟ್ಟ ಗುರುತು ಕಂಡಿತ್ತು. ಒಂದು ಕಾಳೂ ಪೋಲಾಗಬಾರದು ಎಂಬ ಗೋಡೆಯ ಕೆಳಗೆ, ಹೊಸ ಡ್ರಮ್ಮುಗಳ ಪಕ್ಕದಲ್ಲಿ, ಕಾರ್ಖಾನೆಯ ಲಾರಿಗಳು ಸಾಲಾಗಿ ನಿಂತು ಹಾರ್ನು ಹೊಡೆಯುತ್ತಿದ್ದವು. ಸರ್ಕಾರದ ಸೊತ್ತು ಕದ್ದು ತಿಂದವರು ಯಾರೆಂದು ಈಗಲೇ ಗೊತ್ತಾಗಬೇಕು, ಅಂಥವರಿಗೆ ಕೆಲಸವೂ ಇಲ್ಲ, ಪಡಿತರ ಚೀಟಿಯೂ ಇಲ್ಲ, ಪೊಲೀಸರಿಗೂ ಬರೆಯುತ್ತೇನೆ ಎಂದು ದೊಡ್ಡ ಸಾಹೇಬ ಹೇಳಿದ. ಗೋದಾಮಿನ ಸಾಹೇಬ ಗುಡುಗಿನ ಕಡೆ ತಿರುಗಿ, ಎಲ್ಲರ ಬಾಯಿ ತೆಗೆಸು ಎಂದ.

ಗುಡುಗು ಅಲ್ಲಾಡಲಿಲ್ಲ. ಬೆಳಿಗ್ಗೆಯಿಂದ ಅವನ ಧ್ವನಿ ಯಾರೂ ಕೇಳಿರಲಿಲ್ಲ.

ಅವನು ಹೇಳುವವರೆಗೆ ದಬ್ಬಳದಕ್ಕ ಕಾಯಲಿಲ್ಲ. ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ತಲೆ ಎತ್ತಿ, ಬಾಯಿ ತೆಗೆದು, ನಾಲಿಗೆಯನ್ನು ಗಲ್ಲದವರೆಗೆ ಚಾಚಿದಳು. ಕಡುನೀಲಿ. ಚಾಚಿದ ನಾಲಿಗೆಯನ್ನು ಅವಳು ಒಳಗೆಳೆದುಕೊಳ್ಳಲಿಲ್ಲ, ಸಾಹೇಬರ ಮುಖ ನೋಡುತ್ತ ಹಾಗೆಯೇ ನಿಂತಳು. ಅವಳ ಹಿಂದಿನವಳು ನಾಲಿಗೆ ಚಾಚಿದಳು. ಅವಳ ಹಿಂದಿದ್ದವಳು. ಮೇಸ್ತ್ರಿ. ಬಕೆಟ್ಟಿನಿಂದ ನೀಲಿ ಸುರಿದ ಹಮಾಲಿ. ಸಲಿಕೆಯಿಂದ ಕಲಸಿದವನು. ಸಾಲು ಬೀದಿಯ ತಿರುವಿನವರೆಗೆ ಇತ್ತು, ಎಲ್ಲರ ಬಾಯಿಯೂ ತೆರೆದಿತ್ತು.

ಲಾರಿಯವರು ಹಾರ್ನು ನಿಲ್ಲಿಸಿದರು.

“ಎಣಿಸೋ,” ಎಂದ ಗೋದಾಮಿನ ಸಾಹೇಬ ಗುಡುಗಿಗೆ. “ಎಷ್ಟು ಜನ ಅಂತ ಜೋರಾಗಿ ಎಣಿಸಿ ಹೇಳು, ಬರ್ಕೋತೀನಿ.”

ಗುಡುಗು ತುಟಿ ಬಿಗಿದುಕೊಂಡೇ ನಿಂತಿದ್ದ.

“ಏಯ್ ಬೋಳಿಮಗನೆ, ನಿಂಗೇ ಹೇಳ್ತಿರೋದು. ಬಾಯಲ್ಲೇನು ಇಟ್ಕೊಂಡಿದೀಯ? ಬಾಯಿ ಬಿಡೋ.”

ಗುಡುಗು ಕೋಲನ್ನು ಗೋಡೆಗೆ ಒರಗಿಸಿಟ್ಟ. ಸಾಲಿನ ಕೊನೆಯವರೆಗೂ ನಡೆದು ಹೋಗಿ, ತಾನೂ ಆ ಸಾಲಿನಲ್ಲೇ ನಿಂತು, ಬಾಯಿ ಬಿಟ್ಟ.